ಎರೆಮಣ್ಣಿಗೆ ಸೋಪಿನ ನೀರು: ಎಚ್ಚರವಿರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಬಟ್ಟೆ ಒಗೆದ ನೀರನ್ನು ಗಿಡಗಳಿಗೆ ಹರಿಸಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಒಳ್ಳೆಯ ಸಲಹೆಯೇ, ನಮ್ಮ ಹಿತ್ತಲು ಬೇಸಿಗೆಯಲ್ಲಿ ಹಸಿರಾಗಿರುವುದು ಆ ನೀರಿನಿಂದಲೇ. ಆದರೆ ಸಿಂಧನೂರು ಸೀಮೆಯ ಎರೆಮಣ್ಣಿನ, ಅಂದರೆ ಜೇಡಿ ತುಂಬಿದ ಕಪ್ಪು ಮಣ್ಣಿನ, ಗುಣ ಅರಿಯದೆ ಸಿಕ್ಕ ನೀರನ್ನೆಲ್ಲ ಸುರಿದರೆ, ನೀರಿನ ಉಳಿತಾಯವಾದರೂ ಮಣ್ಣು ಕೆಡುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಸವಳು-ಜವಳು (ಮಣ್ಣಿನಲ್ಲಿ ಉಪ್ಪು ಕೂಡುವುದು, ನೀರು ನಿಲ್ಲುವುದು) ಎಂದರೇನೆಂದು ಯಾವ ರೈತನಿಗೂ ವಿವರಿಸಬೇಕಿಲ್ಲ. ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಚದುರಿ ಮಣ್ಣಿನ ಸಂದುಗಳನ್ನು ಮುಚ್ಚುತ್ತವೆ. ನೀರು ಇಂಗುವುದಿಲ್ಲ. ಒಣಗಿದಾಗ ಮೇಲ್ಪದರ ಹೆಂಚಿನಂತೆ ಬಿಗಿಯುತ್ತದೆ. ಬಟ್ಟೆ ಪುಡಿಯಲ್ಲಿ ತುಂಬಿರುವುದೂ ಇದೇ ಸೋಡಿಯಂ: ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬೋನೇಟ್, ಭರ್ತಿಗೆ ಬೆರೆಸುವುದು ಸೋಡಿಯಂ ಸಲ್ಫೇಟ್. ದ್ರವರೂಪದ ಸೋಪಿನಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ಬೊರಾಕ್ಸ್ ಅಥವಾ ಬ್ಲೀಚ್ ಬೆರೆತ ನೀರಂತೂ ಗಿಡಕ್ಕೆ ಬೇಡವೇ ಬೇಡ.

ನಮ್ಮಲ್ಲಿರುವುದು ಸೆಮಿ ಆಟೋಮ್ಯಾಟಿಕ್ ಯಂತ್ರ. ಅದರ ಪೈಪನ್ನು ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದು. ಸೋಪಿನ ಮೊದಲ ನೀರು ಚರಂಡಿಗೆ, ಜಾಲಿಸಿದ ನೀರು ಮಾತ್ರ ಹಿತ್ತಲಿಗೆ. ಮೊಮ್ಮಗುವಿನ ಹೊಲಸಾದ ಬಟ್ಟೆ, ಕಾಯಿಲೆಯವರ ಹಾಸಿಗೆ ಬಟ್ಟೆ ಒಗೆದ ದಿನ ಎಲ್ಲವೂ ಚರಂಡಿಗೇ. ತೆಂಗು, ಸಪೋಟ, ನುಗ್ಗೆಯ ಸುತ್ತ ಗುಣಿ ತೆಗೆದು ಅಕ್ಕಿ ಗಿರಣಿಯ ಹೊಟ್ಟು, ಒಣ ಎಲೆ ತುಂಬಿದ್ದೇವೆ. ಪೈಪಿನ ಬಾಯಿ ಅದರ ಅಡಿಯಲ್ಲಿರುತ್ತದೆ. ನೀರು ಮೇಲೆ ನಿಂತರೆ ಸೊಳ್ಳೆ, ಅಂಗಳಕ್ಕೆ ಹರಿದರೆ ಮಕ್ಕಳು ತುಳಿಯುತ್ತಾರೆ. ಒಂದೇ ಮರಕ್ಕೆ ದಿನವೂ ಬಿಡದೆ ಸರದಿಯಂತೆ ಬದಲಿಸುತ್ತೇವೆ, ನಡುನಡುವೆ ನಲ್ಲಿ ನೀರು ಉಣಿಸುತ್ತೇವೆ. ಮಳೆಗಾಲ ಹಿಡಿದ ಮೇಲೆ ಒಗೆದ ನೀರನ್ನು ಪೂರ್ತಿ ನಿಲ್ಲಿಸುತ್ತೇವೆ. ಆಗ ಮಳೆಯೇ ಉಪ್ಪನ್ನು ಕೆಳಕ್ಕೆ ತೊಳೆಯುತ್ತದೆ.

ಕೊತ್ತಂಬರಿ, ಮೆಂತ್ಯ, ಮೂಲಂಗಿಯ ಮಡಿಗೆ ಈ ನೀರು ಕೂಡದು. ಹಸಿಯಾಗಿ ತಿನ್ನುವುದಕ್ಕೆ ಅದು ತಾಗಲೇಬಾರದು. ನಿಂಬೆ ಉಪ್ಪನ್ನು ತಾಳದು, ಅದನ್ನೂ ಬಿಡಿ. ಡ್ರಮ್ಮಿನಲ್ಲಿ ಕೂಡಿಟ್ಟು ನಾಳೆ ಹಾಕುವ ಯೋಚನೆಯೂ ಬೇಡ. ನಮ್ಮ ಬಿಸಿಲಿಗೆ ಒಂದೇ ದಿನದಲ್ಲಿ ನಾರುತ್ತದೆ, ರೋಗಾಣುಗಳು ಹೆಚ್ಚುತ್ತವೆ.

ಹೊಸದಾಗಿ ಮನೆ ಕಟ್ಟುವವರು ಬಟ್ಟೆ ಒಗೆಯುವ ಜಾಗಕ್ಕೆ ಶೌಚಾಲಯದ್ದರಿಂದ ಬೇರೆಯಾದ ಕೊಳವೆ ಹಾಕಿಸಿ, ಹಿತ್ತಲಿಗೂ ಚರಂಡಿಗೂ ತಿರುಗಿಸುವ ವಾಲ್ವ್ ಇಡಿಸಿಕೊಳ್ಳಲಿ. ಗೋಡೆ ಎದ್ದ ಮೇಲೆ ಒಡೆಸುವುದು ಯಾರಿಗೂ ಒಲ್ಲದ ಕೆಲಸ. ಆದ್ದರಿಂದ ನಮ್ಮ ಜಿಲ್ಲೆಯ ನಗರಸಭೆ, ಪುರಸಭೆಗಳು ನಕ್ಷೆಗೆ ಅನುಮೋದನೆ ಕೊಡುವಾಗಲೇ ಇದನ್ನು ಕೇಳಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಬಗ್ಗೆ ಬಹುಕಾಲದಿಂದ ಕೆಲಸ ನಡೆದಿದೆ. ಸವಳು ತಗ್ಗಿಸಲು ಹೊಲಕ್ಕೆ ಜಿಪ್ಸಂ ಎಷ್ಟು ಹಾಕಬೇಕೆಂದು ತಿಳಿಸುವ ವಿಜ್ಞಾನಿಗಳು, ಎರೆಮಣ್ಣಿನ ಹಿತ್ತಲಿಗೆ ಯಾವ ಸೋಪಿನ ನೀರು ಎಷ್ಟು ಸಲ ಹರಿಸಬಹುದು ಎಂಬುದನ್ನೂ ಕಿರುಹೊತ್ತಿಗೆಯಾಗಿ ಕನ್ನಡದಲ್ಲಿ ತರಲಿ ಎಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಸಿಂಧನೂರು, ರಾಯಚೂರು ಜಿಲ್ಲೆ