ಮಹಾಪ್ರಬಂಧ ಮುಗಿದ ಹೊತ್ತಿನಲ್ಲಿ ಸಲ್ಲಬೇಕಾದ ವಂದನೆಗಳು

ಬ್ಯಾಕ್ಟೀರಿಯಾ ಹೆಣೆಯುವ ಸೆಲ್ಯುಲೋಸ್ (ಗಿಡಮರಗಳ ನಾರಿನ ಮೂಲವಸ್ತು) ಪೊರೆಗೆ ಬೇರೆ ವಸ್ತುಗಳನ್ನು ಸೇರಿಸಿ, ಸುಟ್ಟಗಾಯಗಳಿಗೆ ಹೊದಿಕೆಯಾಗಿ ಬಳಸುವ ಕುರಿತ ನನ್ನ ಪಿಎಚ್.ಡಿ. ಮಹಾಪ್ರಬಂಧ ಅಂಗೀಕಾರಗೊಂಡಿದೆ. ಅದರಲ್ಲಿ ನನ್ನೊಬ್ಬಳ ಹೆಸರಿರುವುದು ನಿಯಮದ ಕಾರಣಕ್ಕೆ ಮಾತ್ರ.

ವಿನೆಗರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಪೊರೆ ಸೆಲ್ಯುಲೋಸೇ ಎಂದು ಬ್ರಿಟಿಷ್ ವಿಜ್ಞಾನಿ ಎ. ಜೆ. ಬ್ರೌನ್ 1886ರಲ್ಲಿ ತೋರಿಸಿದ ಬರಹವನ್ನು ಓದಿಸಿದ ಮೇಲೆಯೇ ನನಗೆ ಪ್ರಯೋಗಾಲಯದ ಬಾಗಿಲು ತೆರೆದ ಮಾರ್ಗದರ್ಶಕರಿಗೆ ಮೊದಲ ವಂದನೆ. ಸಕ್ಕರೆಯ ದ್ರಾವಣವನ್ನು ಅಲುಗಿಸದೆ ಇಟ್ಟರೆ ಗಾಳಿ ತಾಗುವ ಮೇಲ್ಮೈಯಲ್ಲಿ ಹಾಲಿನ ಕೆನೆಯಂತೆ ಕಟ್ಟುವ ಈ ಪೊರೆಯಲ್ಲಿ ಮರದಲ್ಲಿರುವಂತೆ ಲಿಗ್ನಿನ್ (ಮರಕ್ಕೆ ಗಡಸುತನ ಕೊಡುವ ವಸ್ತು) ಇರುವುದಿಲ್ಲ. ಹಸಿಯಾಗಿದ್ದಾಗ ಅದರ ತೂಕದ ಸುಮಾರು 99 ಪ್ರತಿಶತ ನೀರೇ.

ಪ್ರಯೋಗಾಲಯದ ಸಹಾಯಕರ ಋಣ ದೊಡ್ಡದು. ಕಂದು ಬಣ್ಣದ ಪೊರೆಯನ್ನು ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ಬಿಸಿ ದ್ರಾವಣದಲ್ಲಿಟ್ಟು, ಅದು ಬೆಳ್ಳಗಾದ ಮೇಲೆ, ತೊಳೆದ ನೀರಿನಲ್ಲಿ ಕ್ಷಾರದ ಸುಳಿವೂ ಇಲ್ಲವಾಗುವವರೆಗೆ ನೀರು ಬದಲಿಸುತ್ತಲೇ ಇರಬೇಕು. ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ (ಅದರ ಕೋಶದ ಹೊರಪದರದಲ್ಲಿರುವ ವಿಷವಸ್ತು) ಉಳಿದುಬಿಟ್ಟರೆ ಗಾಯದಲ್ಲಿ ಉರಿಯೂತ ಉಂಟಾಗಬಹುದು. ಸಂಶೋಧನಾ ಲೇಖನಗಳು ಒಂದೇ ಸಾಲಿನಲ್ಲಿ ಮುಗಿಸುವ (ಇದು ನನ್ನ ಹಳೆಯ ತಕರಾರು) ಈ ಕೆಲಸವನ್ನು ಅವರು ಒಂದು ದಿನವೂ ಅವಸರದಲ್ಲಿ ಮಾಡಲಿಲ್ಲ.

ಬರಿಯ ಪೊರೆಗೆ ಸೋಂಕು ತಡೆಯುವ ಶಕ್ತಿಯಿಲ್ಲವಾದ್ದರಿಂದ ಅದರಲ್ಲಿ ಬೆಳ್ಳಿಯ ನ್ಯಾನೋ (ಅತಿಸೂಕ್ಷ್ಮ) ಕಣಗಳನ್ನೂ, ಸಿಗಡಿಯಂಥ ಜೀವಿಗಳ ಚಿಪ್ಪಿನಿಂದ ತಯಾರಿಸುವ ಕೈಟೋಸಾನನ್ನೂ ಸೇರಿಸಿದೆವು. ಆದರೆ ಬೆಳ್ಳಿ ಹೆಚ್ಚಾದರೆ ಚರ್ಮದ ಕೋಶಗಳೂ ಸಾಯುತ್ತವೆ. ಆ ಮಿತಿಯನ್ನು ಗುರುತಿಸಲು ರಾತ್ರಿಗಳನ್ನು ಕೊಟ್ಟ ಕೋಶವಿಜ್ಞಾನದ ಗೆಳತಿಗೆ ನಾನು ಚಿರಋಣಿ.

ಸುಟ್ಟಗಾಯಗಳ ವಾರ್ಡಿನ ಹಿರಿಯ ಶುಶ್ರೂಷಕಿಯೊಬ್ಬರು ನನ್ನ ನಕ್ಷೆಗಳನ್ನೆಲ್ಲ ತಾಳ್ಮೆಯಿಂದ ನೋಡಿ, "ಇದನ್ನು ತೆಗೆಯುವಾಗ ರೋಗಿ ಕಿರುಚುತ್ತಾರೋ ಇಲ್ಲವೋ, ಅದನ್ನು ಹೇಳಿ" ಎಂದರು. ಅಂದಿನಿಂದ ಪೊರೆ ಎಷ್ಟು ಎಳೆತ ತಾಳುತ್ತದೆ ಎಂಬುದಕ್ಕಿಂತ, ಒದ್ದೆಯಾಗಿಯೇ ಉಳಿದು ಗಾಯಕ್ಕೆ ಅಂಟದಿರುವುದೂ, ಬಿಚ್ಚದೆಯೇ ಒಳಗಿನ ಗಾಯ ಕಾಣುವಷ್ಟು ಪಾರದರ್ಶಕವಾಗಿರುವುದೂ ನಮ್ಮ ಅಳತೆಗೋಲಾದವು. ಪ್ರಬಂಧದ ಉತ್ತಮ ಅಧ್ಯಾಯ ಹುಟ್ಟಿದ್ದು ಆ ಒಂದು ಮಾತಿನಿಂದ.

ಮನೆಯವರ ಸಹನೆಗೂ ವಿದ್ಯಾರ್ಥಿವೇತನಕ್ಕೂ ನನ್ನ ನಮನಗಳು.

ಮನುಷ್ಯದೇಹದಲ್ಲಿ ಸೆಲ್ಯುಲೋಸನ್ನು ಒಡೆಯುವ ಕಿಣ್ವವಿಲ್ಲದಿರುವಾಗ, ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವ ಮುಖ್ಯ ಖನಿಜ) ಸೇರಿಸಿದ ಪೊರೆಯನ್ನು ಮೂಳೆಯ ಬಿರುಕಿನಲ್ಲಿಟ್ಟರೆ ಅದು ಮುಂದೇನಾಗುತ್ತದೆ ಎಂದು ಬಾಹ್ಯ ಪರೀಕ್ಷಕರು ಕೇಳಿದ್ದರು. ಪೆರಿಅಯೊಡೇಟ್ ಎಂಬ ಅಯೋಡಿನ್ ಸಂಯುಕ್ತದಿಂದ ಉತ್ಕರ್ಷಿಸಿದ (ಆಕ್ಸಿಡೀಕರಿಸಿದ) ಪೊರೆ ನಿಧಾನವಾಗಿ ಕರಗಬಲ್ಲದು ಎಂಬುದಷ್ಟೇ ಅಂದು ನಾನು ಕೊಟ್ಟ ಉತ್ತರ. ಅದನ್ನು ಪೂರ್ಣಗೊಳಿಸುವ ಕೆಲಸವನ್ನು ನಮ್ಮ ಕಿರಿಯ ಸಂಶೋಧಕರು ಈಗಾಗಲೇ ಕೈಗೆತ್ತಿಕೊಂಡಿದ್ದಾರೆ. ಅವರಿಗೆ ಮುಂಗಡವಾಗಿಯೇ ಧನ್ಯವಾದಗಳು.