ಟ್ಯಾಬ್ಲೆಟ್ ಅಲ್ಲ, ಶಿಕ್ಷಕರ ಸಮಯಕ್ಕೆ ದೇಣಿಗೆ ಕೊಡಿ

ಶಿಕ್ಷಣಾಭಿಮಾನಿಗಳೇ,

ಶಾಲೆಗೆ ಏನಾದರೂ ಕೊಡೋಣ ಎಂದಾಗ ಮೊದಲು ಹೊಳೆಯುವುದು ಕಂಪ್ಯೂಟರ್. ನಮ್ಮ ಟ್ರಸ್ಟ್ ಈ ಸಲ ಕೇಳುತ್ತಿರುವುದು ಹೆಚ್ಚುವರಿ ಶಿಕ್ಷಕರ ಸಂಬಳಕ್ಕೆ.

ದುಡಿಮೆ ಅರಸಿ, ಇಲ್ಲವೇ ಯುದ್ಧಕ್ಕೆ, ಬರಕ್ಕೆ ಹೆದರಿ ಊರು ಬಿಟ್ಟವರ ಮಕ್ಕಳು ವರ್ಷದ ನಡುವೆ ತರಗತಿಗೆ ಬಂದು ಕೂರುತ್ತಾರೆ. ಎಷ್ಟೋ ಮಕ್ಕಳಿಗೆ ಶಾಲೆಯ ಭಾಷೆಯೇ ಹೊಸದು. ‘24 ಹಣ್ಣುಗಳನ್ನು 6 ಮಕ್ಕಳಿಗೆ ಸಮನಾಗಿ ಹಂಚಿದರೆ ತಲಾ ಎಷ್ಟು?’ ಎಂದು ಕೇಳಿದರೆ ಮಗು ಪೆನ್ಸಿಲ್ ಕಚ್ಚುತ್ತಾ ಸುಮ್ಮನಿರುತ್ತದೆ. ಅದೇ ಹಾಳೆಯಲ್ಲಿ 24 ÷ 6 ಎಂದು ಬರೆದುಕೊಟ್ಟರೆ ಥಟ್ಟನೆ 4 ಎಂದು ಬರೆಯುತ್ತದೆ. ತೊಡಕು ‘ತಲಾ’ ಎಂಬ ಪದದಲ್ಲಿದೆ, ಭಾಗಾಕಾರದಲ್ಲಲ್ಲ. ಇದು ತಿಳಿಯದೆ ಕೆಳಗಿನ ತರಗತಿಗೆ ಹಾಕಿದರೆ, ಬಲ್ಲ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿ ಬೇಸತ್ತ ಮಗು ಶಾಲೆಯನ್ನೇ ಬಿಟ್ಟೀತು.

ಹಾಗಾಗಿ ಮೊದಲ ವಾರದಲ್ಲೇ ಮನೆಮಾತಿನಲ್ಲಿ ಒಂದು ಪುಟ ಓದಿಸಬೇಕು, ಪದಗಳಿಲ್ಲದ 10 ಲೆಕ್ಕ ಕೊಡಬೇಕು. ಆಮೇಲೆ ದಿನಕ್ಕೆ 40 ನಿಮಿಷ, 6 ಮಕ್ಕಳ ಗುಂಪಿಗೆ, ಮರುದಿನದ ಪಾಠದಲ್ಲಿ ಬರುವ ಏಳೆಂಟು ಪದ. ಉಳಿದ ಹೊತ್ತು ಓರಗೆಯವರ ಜೊತೆಗೇ. ಆಟದ ಮಾತು ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಪಠ್ಯದ ಭಾಷೆ ಕೈಗೆ ಹತ್ತಲು ಐದರಿಂದ ಏಳು ವರ್ಷ ಹಿಡಿಯಬಹುದು. ‘ಚೆನ್ನಾಗಿ ಮಾತಾಡುತ್ತಾನಲ್ಲ’ ಎಂದು ನಡುವೆ ಪಾಠ ನಿಲ್ಲಿಸುವ ತಪ್ಪು ಆಗುವುದೇ ಇಲ್ಲಿ.

ಇನ್ನೊಂದು ಹೊರೆ ಹೊಸದು. 2022ರ ನವೆಂಬರ್‌ನಲ್ಲಿ ಕೇಳಿದ್ದನ್ನು ತಾನೇ ಬರೆದುಕೊಡುವ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆದ ಪ್ರಬಂಧ ಯಾರದ್ದೆಂದು ಹೇಳುವುದು ಕಷ್ಟ. ಪತ್ತೆಹಚ್ಚುವ ಸಾಫ್ಟ್‌ವೇರನ್ನೇ ನಂಬಿದರೆ ಸ್ವಂತವಾಗಿ ಬರೆದ ಮಗುವಿನ ಮೇಲೂ ಕಳ್ಳತನದ ಆರೋಪ ಬರುತ್ತದೆ. ತರಗತಿಯಲ್ಲೇ ಕರಡು ಬರೆಸಿ, ಒಬ್ಬೊಬ್ಬರನ್ನೂ 5 ನಿಮಿಷ ಮಾತಾಡಿಸುವುದೇ ವಾಸಿ. 36 ಮಕ್ಕಳೆಂದರೆ ಮೂರು ಗಂಟೆ! ಒಬ್ಬರೇ ಶಿಕ್ಷಕರಿದ್ದರೆ ಎಲ್ಲಿಂದ ತರಬೇಕು?

ಕೊಟ್ಟ ಪ್ರತಿ ನೂರರಲ್ಲಿ 70 ಭಾಗ ಶಿಕ್ಷಕರ ಸಂಬಳಕ್ಕೆ, 20 ದ್ವಿಭಾಷಾ ಪದಪುಸ್ತಕ ಮತ್ತು ಓದುವ ಪುಸ್ತಕಗಳಿಗೆ, 10 ಈಗಿರುವ ಉಪಕರಣಗಳ ದುರಸ್ತಿಗೆ. ಒಮ್ಮೆಲೇ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳು ತಿಂಗಳು ಸ್ವಲ್ಪ ಕೊಟ್ಟರೆ ಅನುಕೂಲ, ಸಂಬಳ ತಿಂಗಳಿಗೊಮ್ಮೆ ಕೊಡಬೇಕಲ್ಲ. ಯಾವ ಬಾಬ್ತಿಗೆ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ.

ಟ್ಯಾಬ್ಲೆಟ್ಟನ್ನೇ ಕೊಡುವ ಮನಸ್ಸಿದ್ದರೆ ಚಾರ್ಜರ್ ಸಮೇತ ಕೊಡಿ. ರಜೆಯಲ್ಲಿ ಪೂರ್ತಿ ಖಾಲಿಯಾಗಿ ಬೀರುವಿನಲ್ಲಿ ಬಿದ್ದ ಬ್ಯಾಟರಿ ಕೆಟ್ಟುಹೋಗುತ್ತದೆ. ಅರ್ಧ ಚಾರ್ಜ್ ಮಾಡಿಟ್ಟು, ತಿಂಗಳಿಗೊಮ್ಮೆ ತೆಗೆದು ನೋಡಲೂ ಒಬ್ಬರು ಬೇಕು.