ಕೆಳಗಿನ ತೋಟದ ಪಹಣಿ

ಆಕ್ಸ್‌ಫರ್ಡ್
16 ನವೆಂಬರ್ 2025, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನಿಗೆ ಸುಮಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಅಮ್ಮನ ಮಂಡಿನೋವು, ಅಜ್ಜಿಯ ಕೆಮ್ಮು ಹೇಗಿದೆ ಬರೆಯಿರಿ.

ನಿಮ್ಮ ಪತ್ರವನ್ನು ರಘು ಫೋಟೋ ಹೊಡೆದು ಕಳಿಸಿದ. ಕೊನೆಯ ಸಾಲು ಅವನ ಹೆಬ್ಬೆರಳಿನ ಅಡಿಗೆ ಹೋಗಿತ್ತು. ಫೋನ್ ಮಾಡಿ ಓದಿಸಿದೆ. ‘ಕೆಳಗಿನ ತೋಟದ ಪಹಣಿ ತೆಗೆಸಿಟ್ಟಿದ್ದೇನೆ, ನಾಲ್ಕನೇ ವರ್ಷದ ಚಿಂತೆ ಬೇಡ’ ಅಂತ. ಅಪ್ಪಯ್ಯ, ನನಗೆ ಚಿಂತೆ ಹತ್ತಿದ್ದೇ ಆ ಸಾಲು ಕೇಳಿದ ಮೇಲೆ. ದಯವಿಟ್ಟು ಬ್ಯಾಂಕಿಗೆ ಹೋಗಬೇಡಿ. ಹೋಗಿ ಆಗಿದ್ದರೆ ಸಹಿ ಹಾಕಬೇಡಿ.

ಇದು ತೀರ್ಥಹಳ್ಳಿ ಭಾವನ ಲೆಕ್ಕ ಅಂತ ರಘು ಹೇಳಿದ. ನನ್ನ ಪಿಎಚ್‌ಡಿ ಓದು ನಾಲ್ಕು ವರ್ಷ, ಸ್ಕಾಲರ್‌ಶಿಪ್ ಮೂರೇ ವರ್ಷ, ಫೀ ವರ್ಷಕ್ಕೆ ಮೂವತ್ತು ಸಾವಿರ ಪೌಂಡಿನ ಮೇಲೆ, ಅಂದರೆ ಮೂವತ್ತೈದು ಲಕ್ಷ. ಭಾವನ ಗುಣಾಕಾರದಲ್ಲಿ ತಪ್ಪಿಲ್ಲ, ಆದರೆ ಇಲ್ಲಿಯ ಪದ್ಧತಿ ಅವರಿಗೆ ಗೊತ್ತಿಲ್ಲ. ಪೂರ್ತಿ ಫೀ ಇರುವುದು ಮೊದಲ ಮೂರು ವರ್ಷಕ್ಕೆ ಮಾತ್ರ. ಆಮೇಲೆ ಪ್ರಬಂಧ ಬರೆದು ಮುಗಿಸುವವರು ಟರ್ಮಿಗೆ ಕೆಲವು ನೂರು ಪೌಂಡು ಮುಂದುವರಿಕೆ ಶುಲ್ಕ ಕಟ್ಟಿದರೆ ಮುಗಿಯಿತು. ಹಾಗಾಗಿ ನಾಲ್ಕನೇ ವರ್ಷ ಬೇಕಾಗುವುದು ಊಟ, ಬಾಡಿಗೆಯ ದುಡ್ಡು. ಅದಕ್ಕೆ ದಾರಿ ಇದೆ. ಕಾಲೇಜಿನಲ್ಲಿ ಕಷ್ಟಕಾಲದ ನಿಧಿ ಇರುತ್ತದೆ, ಬಿ.ಎ. ಹುಡುಗರಿಗೆ ಪಾಠ ಹೇಳಿದರೆ ಗಂಟೆಗೆ ಇಷ್ಟು ಅಂತ ಕೊಡುತ್ತಾರೆ. ವೀಸಾ ನಿಯಮದ ಪ್ರಕಾರ ವಾರಕ್ಕೆ 20 ಗಂಟೆ ಮೀರುವಂತಿಲ್ಲ ಅಷ್ಟೆ. ಇದನ್ನು ಭಾವನಿಗೂ ಓದಿ ಹೇಳಿ, ಆದರೆ ಬೇಸರವಾಗದ ಹಾಗೆ.

ಈಗ ನಾನೊಂದು ವಿಷಯ ಹೇಳಬೇಕು. ಅಮ್ಮ ಪಕ್ಕದಲ್ಲಿದ್ದರೆ ಒಳ್ಳೆಯದು.

2023ರಲ್ಲೇ ನನಗೆ ಇಲ್ಲಿ ಸೀಟು ಸಿಕ್ಕಿತ್ತು. ಇಲ್ಲಿ ಸೀಟಿನ ಕಾಗದ ಬೇರೆ, ಹಣದ ಕಾಗದ ಬೇರೆ. ಮೊದಲನೆಯದು ಬಂತು, ಎರಡನೆಯದು ಬರಲಿಲ್ಲ. ಇತಿಹಾಸದವರ ಪಾಡು ಅದೇ. ಸೈನ್ಸಿನವರನ್ನು ಲ್ಯಾಬಿನ ಪ್ರಾಜೆಕ್ಟ್ ಹಣದಲ್ಲಿ ಸಾಕುವುದುಂಟು, ನಮ್ಮನ್ನು ಯಾವ ಲ್ಯಾಬು ಸಾಕೀತು? ಸ್ವಂತ ಖರ್ಚಿನಲ್ಲಿ ಬರುವುದಾದರೆ ದುಡ್ಡಿದೆ ಅಂತ ತೋರಿಸಬೇಕಿತ್ತು. ವಿಚಾರಿಸಿದರೆ ಶಿವಮೊಗ್ಗದ ಬ್ಯಾಂಕಿನವರು ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡಮಾನ ಬೇಕು ಅಂದರು. ನಮ್ಮಲ್ಲಿ ಆಸ್ತಿ ಅಂದರೆ ಯಾವುದು ಅಂತ ನನಗೆ ಗೊತ್ತಿಲ್ಲವೇ? ಆ ಸಂಜೆ ನಾನು ಮನೆಗೆ ಬಂದಾಗ ನೀವು ಹಿತ್ತಲಲ್ಲಿ ಔಷಧಿ ಹೊಡೆಯಲಿಕ್ಕೆ ಮೈಲುತುತ್ತ, ಸುಣ್ಣ ಕಲಸುತ್ತಿದ್ದಿರಿ. ಮೊಣಕೈವರೆಗೆ ನೀಲಿ. ‘ಏನಾಯ್ತು?’ ಅಂದಿರಿ. ‘ಆಗಲಿಲ್ಲ’ ಅಂದೆ. ‘ಮುಂದಿನ ವರ್ಷ ನೋಡುವ’ ಅಂತ ಕೋಲು ತಿರುಗಿಸುತ್ತಲೇ ಇದ್ದಿರಿ. ಸೀಟು ಸಿಕ್ಕಿದೆ ಅಂದಿದ್ದರೆ ಆ ಕೋಲು ಅಲ್ಲೇ ಬಿಟ್ಟು ಪಹಣಿ ತರಲು ಹೊರಡುತ್ತಿದ್ದಿರಿ.

ಸುಳ್ಳು ಹೇಳಿದ್ದಕ್ಕೆ ಬೈಯಿರಿ. ಆದರೆ ಅಷ್ಟೆಲ್ಲ ಮಾಡಿ ಒಂದು ವರ್ಷ ಕಳೆದು ಉಳಿಸಿಕೊಂಡ ತೋಟ ಅದು. ಈಗ ನೀವಾಗಿಯೇ ತೆಗೆದುಕೊಂಡು ಹೋಗಿ ಕೊಡುತ್ತೇನೆ ಅಂದರೆ ನಾನು ಏನು ಹೇಳಲಿ? ಎಲೆಚುಕ್ಕಿ ಮೇಲಿನ ತೋಟಕ್ಕೆ ಬಂದಾಗಿದೆ. ಕೆಳಗಿನದ್ದೂ ಸೋತರೆ ಬ್ಯಾಂಕಿನವರು ರೋಗ ನೋಡಿ ಕಂತು ಬಿಡುತ್ತಾರೆಯೇ?

ಮರುವರ್ಷ ಬಂದದ್ದು ಕ್ಲಾರೆಂಡನ್ ಸ್ಕಾಲರ್‌ಶಿಪ್. 2001ರಿಂದ ಇದೆ, ಎಲ್ಲ ವಿಷಯ, ಎಲ್ಲ ದೇಶ ಸೇರಿ ವರ್ಷಕ್ಕೆ ಸುಮಾರು 200 ಜನಕ್ಕೆ. ಅದಕ್ಕೆ ಬೇರೆ ಅರ್ಜಿಯೇ ಇಲ್ಲ. ಸೀಟಿನ ಅರ್ಜಿ ಹೊತ್ತಿಗೆ ಸರಿಯಾಗಿ ಹಾಕಿದರೆ ಅವರೇ ನೋಡುತ್ತಾರೆ, ವಶೀಲಿ ಮಾಡೋಣವೆಂದರೆ ಬಾಗಿಲೇ ಇಲ್ಲ. ಫೀ ಪೂರ್ತಿ ಅವರದು. ಕೈಗೆ ಈ ವರ್ಷ 20,780 ಪೌಂಡು. ಆ ಹಣ ಎಲ್ಲಿಂದ ಅಂತ ವಿಚಾರಿಸಿದೆ. ಮುಖ್ಯವಾಗಿ ಇಲ್ಲಿಯ ಯೂನಿವರ್ಸಿಟಿ ಪ್ರೆಸ್ಸಿನಿಂದಂತೆ, ಡಿಕ್ಷನರಿ ಮಾರುವವರು. ಪಿಯುಸಿಗೆ ಗಾಂಧಿ ಬಜಾರಿನಲ್ಲಿ ನೀವು ಚೌಕಾಸಿ ಮಾಡಿ ಕೊಡಿಸಿದ ಆ ಡಿಕ್ಷನರಿಯ ದುಡ್ಡು ಬಡ್ಡಿ ಸಮೇತ ವಾಪಸ್ ಬರುತ್ತಿದೆ ಅಂದುಕೊಳ್ಳಿ.

ನಮ್ಮೂರ ಕಥೆ ಓದಲಿಕ್ಕೆ ಇಂಗ್ಲೆಂಡ್ ಯಾಕೆ, ಬಿದನೂರು ನಗರಕ್ಕೆ ಬಸ್ಸಿಲ್ಲವೇ ಅಂತ ದೊಡ್ಡಪ್ಪ ಇನ್ನೂ ಕೇಳುತ್ತಾರಂತೆ. 1830–31ರ ನಗರದ ರೈತರ ದಂಗೆಯನ್ನೇ ನೆಪ ಮಾಡಿಕೊಂಡು ಕಂಪನಿಯವರು ಮುಮ್ಮಡಿ ಕೃಷ್ಣರಾಜರ ಕೈಯಿಂದ ಆಡಳಿತ ಕಿತ್ತುಕೊಂಡರು, ಬ್ರಿಟಿಷರು ಅದನ್ನು 1881ರವರೆಗೆ ಬಿಡಲಿಲ್ಲ. ಆಗ ಬರೆದ ಕಾಗದದ ರಾಶಿ ರಾಶಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಮೆರಿಕದ ದೊಡ್ಡ ಯೂನಿವರ್ಸಿಟಿಗಳು ಸೀಟಿನ ಜೊತೆಗೇ ಐದು ವರ್ಷದ ಹಣದ ಮಾತು ಕೊಡುತ್ತವೆ, ಬದಲಿಗೆ ಪಾಠ ಮಾಡಿಸಿಕೊಳ್ಳುತ್ತವೆ. ಆದರೆ ನನ್ನ ಕಾಗದ ಇರುವುದು ಇಲ್ಲಿ, ಬಸ್ಸಿಗೆ ಎರಡು ಗಂಟೆ ದಾರಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಕಟ್ಟನ್ನು ಸ್ಪಂಜಿನ ದಿಂಬಿನ ಮೇಲೆ ಮಲಗಿಸಬೇಕು, ಬಾಣಂತಿ ಕೋಣೆಯ ಮಗುವಿನ ಹಾಗೆ. ನಮ್ಮ ನಗರ ಅದರಲ್ಲಿ ‘ನಗ್ಗರ್’ ಆಗಿ ಕೂತಿದೆ. ಕಂದಾಯ, ಬಾಕಿ, ಅಡಿಕೆ ತೋಟ, ಮತ್ತೆ ಬಾಕಿ. ಓದುತ್ತಾ ನಿಮ್ಮ ಪಹಣಿ ನೆನಪಾಗಿ ಮೊನ್ನೆ ಎದ್ದು ಹೊರಗೆ ಬಂದು ನಿಂತೆ.

ಇಲ್ಲಿಯ ಬೋಡ್ಲಿಯನ್ ಲೈಬ್ರರಿಗೆ ಸೇರುವಾಗ ಬೆಂಕಿ ತರುವುದಿಲ್ಲ, ಹಚ್ಚುವುದಿಲ್ಲ ಅಂತ ಪ್ರಮಾಣ ಮಾಡಿಸುತ್ತಾರೆ. ಅಜ್ಜಿಗೆ ಹೇಳಿ, ನಗುತ್ತಾಳೆ. ಪಿಎಚ್‌ಡಿಗೆ ಇವರು ಡಿಫಿಲ್ ಅನ್ನುತ್ತಾರೆ. ಸಂಬಂಧ ಕೇಳಿಕೊಂಡು ಬಂದ ಹೊಸನಗರದವರು ಅದನ್ನು ಎಂಫಿಲ್ ಅಂದುಕೊಂಡಿದ್ದರೆ ಹಾಗೆಯೇ ಇರಲಿ, ತಿದ್ದಬೇಡಿ. ಮಳೆ ಮಳೆ ಅಂತ ಇವರು ಗೋಳಾಡುವುದು ಕೇಳಿದರೆ ನಗು ಬರುತ್ತದೆ. ಇಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಆಗುಂಬೆಯಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. ನಾನು ಕೊಡೆಯನ್ನೂ ಒಯ್ಯುವುದಿಲ್ಲ. (ಅಮ್ಮನಿಗೆ: ಟೋಪಿ ಹಾಕುತ್ತೇನೆ.)

ಬಾಡಿಗೆ ಕೊಟ್ಟು, ಉಂಡು, ತಿಂಗಳ ಕೊನೆಗೆ ಸ್ವಲ್ಪ ಉಳಿಯುತ್ತದೆ. ನಿಜವಾಗಿಯೂ ಉಳಿಯುತ್ತದೆ. ಅದು ನಾಲ್ಕನೇ ವರ್ಷಕ್ಕೆ. ಕೌಲಿ ರೋಡಿನ ಅಂಗಡಿಯಲ್ಲಿ ಕೆಂಪು ಕುಚ್ಚಲಕ್ಕಿ ಸಿಗುತ್ತದೆ, ಕೇರಳದವರ ಪುಣ್ಯ. ಅಪ್ಪೆಮಿಡಿ ಮುಗಿಯಿತು, ರಸ ಎರಡು ಚಮಚ ಉಳಿದಿದೆ. ನಾನು ತೆಳ್ಳಗಾಗಿಲ್ಲ, ಫೋಟೋದಲ್ಲಿ ಹಾಗೆ ಕಂಡದ್ದು ಆ ಕಪ್ಪು ಗೌನಿನಿಂದ. ಕೋಣೆಯಲ್ಲಿ ಹೀಟರ್ ಇದೆ, ಸ್ವೆಟರ್ ಮೂರಿವೆ, ಡಾಕ್ಟರ ಖರ್ಚಿಗೆ ವೀಸಾದ ಜೊತೆಗೇ ಕಟ್ಟಿಯಾಗಿದೆ. ಯಾವುದಕ್ಕೂ ಕಷ್ಟವಿಲ್ಲ.

ಬರೆಯುತ್ತಾ ಬೆಳಗಾಯಿತು, ಲಂಡನ್ ಬಸ್ಸಿಗೆ ಹೊತ್ತಾಗಿದೆ. ಈ ವರ್ಷ ಅಡಿಕೆ ಕೊನೆ ಕೊಯ್ಲಿಗೆ ಜನ ಸಿಕ್ಕರೇ? ನೀವು ಮರ ಹತ್ತಬೇಡಿ. ಪಹಣಿಯನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ, ರಘು ಫೋಟೋ ಹೊಡೆದು ಕಳಿಸಲಿ. ಹೆಬ್ಬೆರಳು ಅಡ್ಡ ಬರದ ಹಾಗೆ.

ನಿಮ್ಮ ಮಗಳು
ಸುಮಾ